ಗಾಗಲ್ ತಗೀರಿ ಅಂದವನು

ಅವತ್ತು ಹತ್ತಿ ಗಿರಣಿಯ ಹಿಂದೆ ನಿಂತು ಒದರಿದವನು ಶಿವಾನಂದ ಅಲ್ಲ. ನಾನು.

ಇಷ್ಟೇ. ಈ ಒಂದು ಸಾಲಿಗೆ ಐದಾರು ವರ್ಷ ಹಿಡಿಯಿತು. ಊರವರೆಲ್ಲರ ದನಿಯನ್ನೂ ಮಾಡಿ ತೋರಿಸುವ ನನಗೆ ಇದೊಂದನ್ನು ಹೇಳಲಿಕ್ಕೆ ಮಾತ್ರ ದನಿ ಹೊರಡಲಿಲ್ಲ. ಈಗ ಹೇಳಿದೆನಲ್ಲ, ಪೆನ್ನು ಕೆಳಗಿಡೋಣ ಅನ್ನಿಸುತ್ತದೆ — ಆದರೆ ಹಾಗೆ ಇಟ್ಟರೆ ಅದೂ ಒಂದು ಮಿಮಿಕ್ರಿಯೇ ಆದೀತು, ತಪ್ಪೊಪ್ಪಿಕೊಂಡವನ ಮಿಮಿಕ್ರಿ. ಪೂರ್ತಿ ಹೇಳುತ್ತೇನೆ. ನಡುವೆ ನಗಿಸಿದರೆ ಕ್ಷಮಿಸಬೇಡಿ. ಅದು ನನ್ನ ಹಳೆಯ ರೋಗ.

ಬ್ಯಾಡಗಿಯಿಂದ ರಾಣೆಬೆನ್ನೂರಿನತನಕ ನನ್ನನ್ನು ‘ಟೇಪ್’ ಅನ್ನುತ್ತಾರೆ. ಟೇಪ್ ರೆಕಾರ್ಡರಿನ ಟೇಪ್. ಒಮ್ಮೆ ಕೇಳಿದ ದನಿ ನನ್ನ ಗಂಟಲಲ್ಲಿ ಕೂತುಬಿಡುತ್ತದೆ. “ಮೋಟೆಬೆನ್ನೂರ ಯಾರ್ರೀ, ಲಗೂ ಇಳೀರಿ” ಅನ್ನುವ ಕಂಡಕ್ಟರು, ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಕೂತು ಫೋನಿನಲ್ಲಿ “ಮಾಲು ಒಣಗೈತ್ರೀ ಸಾವಕಾರ್ರ, ಖರೇನ” ಅನ್ನುವ ನಮ್ಮಪ್ಪ, ಹುಡುಗಿಯರ ಎದುರು ತೊದಲುವ ನಾನು — ಯಾರನ್ನೂ ಬಿಟ್ಟವನಲ್ಲ. ಮಾಡಿ ಮುಗಿಸಿದ ಕೂಡಲೇ ಕಿಸಕ್ಕನೆ ನಗುತ್ತಿದ್ದೆ. ತಡೆಯಲಿಕ್ಕೆ ಆಗುತ್ತಲೇ ಇರಲಿಲ್ಲ. ಆ ನಗೆಯೇ ನನ್ನ ಸಹಿ ಎಂದು ಗೆಳೆಯರು ಅನ್ನುತ್ತಿದ್ದರು. ಆ ನಗೆಯನ್ನು ನೆನಪಿಡಿ — ಮುಂದೆ ಅದನ್ನೇ ಸಾಕ್ಷಿಗೆ ನಿಲ್ಲಿಸಿದೆ.

ನಾವು ಏಳೆಂಟು ಮಂದಿ, ಡಿಗ್ರಿ ಓದುವ ಹೆಸರಿನಲ್ಲಿ ಬಸ್ಸಿನಲ್ಲಿ ಓಡಾಡುತ್ತಿದ್ದವರು. ಒಬ್ಬನ ಮಾವ ಮುಂಬಯಿಯಿಂದ ಪ್ಲಾಸ್ಟಿಕ್ ಗುಂಡು ಹಾರಿಸುವ ಬಂದೂಕು ತಂದುಕೊಟ್ಟಿದ್ದ, ಜ್ವಾಳದ ಕಾಳಿಗಿಂತ ತುಸು ದಪ್ಪನ್ನ ಹಳದಿ ಗುಂಡು. ಅದನ್ನು ನೋಡಿ ಉಳಿದವರೂ ತರಿಸಿದೆವು. ಸೈಬರ್ ಕೆಫೆಯಲ್ಲಿ ಹುಡುಕಿದಾಗ ಇದಕ್ಕೆ ಏರ್‌ಸಾಫ್ಟ್ ಅನ್ನುತ್ತಾರೆ, ಪರದೇಶದಲ್ಲಿ ದೊಡ್ಡವರೂ ಆಡುತ್ತಾರೆ ಎಂದು ತಿಳಿಯಿತು. ನಮಗೆ ಅಷ್ಟು ಸಾಕಾಯಿತು. ರಾಣೆಬೆನ್ನೂರಿನ ಹೊರಗೆ ಮುಚ್ಚಿಹೋದ ಒಂದು ಹತ್ತಿ ಗಿರಣಿ ಇತ್ತು. ರವಿವಾರ ರವಿವಾರ ಅದು ನಮ್ಮ ಗಡಿನಾಡು.

ಎಲ್ಲರಿಗೂ ಹೊಡೆಯುವ ಚಿಂತೆ. ಶಿವ್ಯಾನಿಗೆ ಮಾತ್ರ — ಶಿವಾನಂದನಿಗೆ — ಹೊಡೆಸಿಕೊಂಡವರ ಚಿಂತೆ. ಅವನ ಮನೆಯವರದು ಬೈಕಿನ ಸೀಟ್ ಕವರ್ ಹೊಲಿಯುವ ಅಂಗಡಿ. ಏನು ತೊಡಬೇಕು, ಭಾರ ಎಲ್ಲಿ ಕೂಡಬೇಕು ಅನ್ನುವುದೆಲ್ಲ ಅವನ ಪಾಲಿಗೆ ಬಂತು, ಅವನೇ ನಮ್ಮ ಕ್ಯಾಪ್ಟನ್ನೂ ಆದ. “ಮೊದಲ ಕಣ್ಣು, ಆಮ್ಯಾಲೆ ಹಲ್ಲು, ಆಮ್ಯಾಲೆ ನಿಮ್ಮ ಶೂರತನ” ಅನ್ನುತ್ತಿದ್ದ. ನಾನು ಅದೇ ಮಾತನ್ನು ಅವನದೇ ದನಿಯಲ್ಲಿ, ಅವನ ಹಾಗೇ ಬೆರಳೆತ್ತಿ ಹೇಳುತ್ತಿದ್ದೆ; ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು, ಅವನೂ.

ಗಾಗಲ್ ಆರಿಸಿದ್ದನ್ನು ಹೇಳದೆ ಮುಂದೆ ಹೋಗಲಾರೆ. ರಸ್ತೆಬದಿಯಲ್ಲಿ ಮಾರುವ ಕಪ್ಪು ಗಾಗಲನ್ನು ಶಿವ್ಯಾ ಕುಂಬಳಕಾಯಿಗೆ ಕಟ್ಟಿ ಎರಡು ಮಾರು ದೂರದಿಂದ ಹೊಡೆದ — ಸೀಳಿತು. ಧೂಳಿಗೆ ಹಾಕಿಕೊಳ್ಳುವ ಬೈಕಿನ ಗಾಗಲ್ ಸೀಳಲಿಲ್ಲ, ಆದರೆ ಪಕ್ಕದಿಂದ ಗುಂಡು ಒಳಗೆ ನುಗ್ಗಿತು. ಕಡೆಗೆ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡುತ್ತಿದ್ದ ಅವನ ಕಾಕಾನನ್ನು ಕೇಳಿ, ಕಬ್ಬಿಣದ ಗ್ರೈಂಡಿಂಗ್ ಮಾಡುವವರು ಹಾಕಿಕೊಳ್ಳುವಂಥ, ಸುತ್ತಲೂ ಮುಚ್ಚುವ ಗಾಗಲ್ ಕೊಂಡು ತಂದ. ಅದಕ್ಕೆ ಏನೂ ಆಗಲಿಲ್ಲ. ಆದರೂ ಅವನಿಗೆ ಸಮಾಧಾನವಿಲ್ಲ. “ಉಸಿರು ತಾಗಿ ಮಂಜು ಹಿಡೀತೈತಿ ನೋಡ್ರಲೇ. ಮಂಜು ಹಿಡಿದ್ರ ಮಂದಿ ತಗೀತಾರ. ತಗದ್ರ ಹೋತು.” ಒಳಗಡೆ ಸೋಪಿನ ನೀರು ಸವರಿ ಒರೆಸಿ, ಪ್ರತಿ ರವಿವಾರ ತನ್ನ ಕೈಯಿಂದಲೇ ಒಬ್ಬೊಬ್ಬರಿಗೂ ತೊಡಿಸುತ್ತಿದ್ದ. ಅವ್ವ ಮಕ್ಕಳಿಗೆ ಟೊಪಗಿ ಕಟ್ಟಿದ ಹಾಗೆ.

ಗುಂಡು, ನೀರಿನ ಬಾಟ್ಲಿ ಹೊರಲಿಕ್ಕೆ ಅಂಗಿಯ ಮೇಲೆ ತೊಡುವ ಬಂಡಿ ಬೇಕಿತ್ತು. ಮೊದಲನೆಯದನ್ನು ಸೀಟಿನ ರೆಕ್ಸಿನ್ನಿನಲ್ಲಿ ಹೊಲಿದ. ಅದನ್ನು ತೊಟ್ಟವನು ಇಡ್ಲಿಯಂತೆ ಬೆಂದುಬಿಟ್ಟ. ಆಗ ನಾನು ನಮ್ಮ ಅಂಗಡಿಯ ಗೋಣಿಚೀಲ ಕೊಡುತ್ತೇನೆ ಅಂದೆ. ಗಾಳಿ ಆಡುತ್ತದೆ, ಗುಂಡಿನ ಪೆಟ್ಟೂ ಹೀರಿಕೊಳ್ಳುತ್ತದೆ. ಶಿವ್ಯಾ ಒಪ್ಪಿದ. ಎದೆಯ ಮೇಲೆ ಕಿಸೆ ಇಟ್ಟರೆ ಬೋರಲು ಮಲಗಿದಾಗ ಚುಚ್ಚುತ್ತದೆಂದು ಬಗಲಿಗೆ ಇಟ್ಟ. ಹೆಗಲು ಸೋಲಬಾರದೆಂದು ಹಳೆಯ ಜೀಪಿನ ಪಟ್ಟಿ ಹಚ್ಚಿ ಭಾರವನ್ನೆಲ್ಲ ಸೊಂಟದ ಮೇಲೆ ಕೂರಿಸಿದ. ಒಂದೇ ಮಾತು ಹೇಳಿದ್ದ: “ಚೀಲ ಎರಡು ಸಲ ನೆನಸಿ, ಒಗದು ತಾ. ಮೆಣಸಿನಕಾಯಿ ಚೀಲ ಅದಾವ.”

ಮೊದಲಿನ ಚೀಲಗಳನ್ನು ಒಗೆದು ಕೊಟ್ಟೆ. ಕಡೆಯದೊಂದು ಉಳಿದಿತ್ತು — ಮಾಂತ್ಯಾನ ಬಂಡಿಗೆ. ಅದನ್ನು ಮೂಸಿ ನೋಡಿದೆ, ಏನೂ ಇಲ್ಲ. ಝಾಡಿಸಿ ಕೊಟ್ಟುಬಿಟ್ಟೆ. ಬ್ಯಾಡಗಿಯಲ್ಲಿ ಹುಟ್ಟಿದವನ ಮೂಗಿಗೆ ಘಾಟು ಅಂದರೆ ಬರೀ ಗಾಳಿ. ಇಡೀ ಊರೇ ಕೆಮ್ಮುತ್ತ ಬೆಳೆದದ್ದು. ಚೀಲದಲ್ಲಿ ಘಾಟು ಇದೆಯೋ ಇಲ್ಲವೋ ಎಂದು ಬ್ಯಾಡಗಿಯವನನ್ನು ಕೇಳಬಾರದು.

ಮಾಂತ್ಯಾ ಅಂದರೆ ಮಹಾಂತೇಶ, ಅಗಡಿಯವನು. ಪೊಲೀಸ್ ಭರತಿಗೆಂದು ದಿನಾ ಬೆಳಿಗ್ಗೆ ಹಾವೇರಿ ರಸ್ತೆಯ ಮೇಲೆ ಓಡುತ್ತಿದ್ದ. “ನಾ ಪಿಎಸ್‌ಐ ಆದಮ್ಯಾಲೆ ಮೊದಲ ನಿನ್ನ ಒಳಗ ಹಾಕ್ತೇನಲೇ ಟೇಪ್, ಸಾಹೇಬ್ರ ದನಿ ಮಾಡಿದ್ದಕ್ಕ” ಅನ್ನುತ್ತಿದ್ದ.

ಆಟಕ್ಕೆ ಒಂದೇ ಕಾಯಿದೆ, ಶಿವ್ಯಾ ಮಾಡಿದ್ದು. ಏನೇ ಆಗಲಿ, ಅವನು ಎರಡು ಮಾತು ಒದರುವತನಕ ಗಾಗಲ್ ಮುಟ್ಟಕೂಡದು. “ಆಟ ನಿಂತೈತಿ! ಗಾಗಲ್ ತಗೀರಿ!” ಮೊದಲ ಮಾತಿಗೆ ಬಂದೂಕು ಕೆಳಗೆ, ಎರಡನೇ ಮಾತಿಗೆ ಗಾಗಲ್. ಬೇರೆ ಯಾರು ಒದರಿದರೂ ಲೆಕ್ಕಕ್ಕಿಲ್ಲ.

ಆ ರವಿವಾರ ಸಂಜೆ ಆಟದಲ್ಲಿ ಉಳಿದವರು ಇಬ್ಬರೇ, ಈ ಕಡೆ ಶಿವ್ಯಾ, ಆ ಕಡೆ ಮಾಂತ್ಯಾ. ‘ಸತ್ತವರು’ ಗೋಡೆಯ ಹೊರಗೆ ಕೂತು ಶೇಂಗಾ ತಿನ್ನುತ್ತಿದ್ದರು. ನಾನೂ ಸತ್ತಿದ್ದೆ, ಆಟ ಶುರುವಾದ ಚೂರು ಹೊತ್ತಿನಲ್ಲೇ. ಕೂತಲ್ಲಿ ಕೂಡಲಿಕ್ಕೆ ಆಗದ ಜಾತಿ ನನ್ನದು. ಎದ್ದು, ಒಂದಕ್ಕೆ ಹೋಗಿ ಬರುತ್ತೇನೆಂದು ತೂಕದ ಕೋಣೆಯ ಹಿಂದೆ ಹೋದೆ. ಅಲ್ಲೊಂದು ಕಿಂಡಿ. ಕಿಂಡಿಯಲ್ಲಿ ಮಾಂತ್ಯಾ ಕಂಡ.

ಮುರಿದ ಯಂತ್ರದ ಮರೆಗೆ ಕೂತು ಒದ್ದಾಡುತ್ತಿದ್ದ. ಬೆವರಿಗೆ ಹೊಸ ಬಂಡಿಯ ಘಾಟು ಎದ್ದಿರಬೇಕು. ಕುತ್ತಿಗೆ ತಿಕ್ಕುತ್ತಾನೆ, ಸೀನು ನುಂಗುತ್ತಾನೆ, ಗಾಗಲ್ಲಿನ ತನಕ ಕೈ ಒಯ್ಯುತ್ತಾನೆ — ತೆಗೆಯುವುದಿಲ್ಲ. ಕಾಯಿದೆ. ಮತ್ತೆ ಕೈ ಒಯ್ಯುತ್ತಾನೆ, ಮತ್ತೆ ಇಳಿಸುತ್ತಾನೆ. ನನಗೆ ನಗೆ ಉಕ್ಕಿತು, ತುಟಿ ಕಚ್ಚಿ ಹಿಡಿದೆ. ಎಂಥಾ ನಾಟಕ! ಈಗ ಶಿವ್ಯಾನ ದನಿ ಕೇಳಿದರೆ ಇವನು ಸ್ಪ್ರಿಂಗಿನ ಹಾಗೆ ಮೇಲೇಳುತ್ತಾನೆ, ಎದ್ದರೆ ಶಿವ್ಯಾ ಬಂಡಿಗೆ ಹೊಡೆಯುತ್ತಾನೆ, ಆಮೇಲೆ ಇಬ್ಬರೂ ಜಗಳಾಡುತ್ತಾರೆ, ನಾನು ಹೋಗಿ —

ಒದರಿದೆ.

“ಆಟ ನಿಂತೈತಿ! ಗಾಗಲ್ ತಗೀರಿ!”

ಈ ವರ್ಷಗಳಲ್ಲಿ ನಾನು ತಿರುತಿರುಗಿ ಹೋಗಿ ನಿಲ್ಲುವ ಜಾಗ ಇದು. ಅವನು ಮೇಲೇಳಲಿಕ್ಕೆ ಮೊದಲ ಮಾತೇ ಸಾಕಿತ್ತು. ಎರಡನೆಯದನ್ನು ಯಾಕೆ ಅಂದೆ? ಕೇಡು ಬಗೆದು ಅಲ್ಲ — ಇರಿ, ಇದು ಸಮರ್ಥನೆಯಾಗುತ್ತದೆ. ಖರೇ ಕಾರಣ ಇನ್ನೂ ಸಣ್ಣದು. ಎರಡೂ ಮಾತು ಸೇರಿದರೇ ಅದು ಶಿವ್ಯಾ. ಒಂದೇ ಅಂದರೆ ಮಿಮಿಕ್ರಿ ಅರ್ಧ. ಚಂದ ಬರಲಿ ಎಂದು ಅಂದೆ. ಎಷ್ಟು ಚಂದ ಬಂತೆಂದರೆ, ನನಗೇ ಒಂದು ಕ್ಷಣ ಹೆಮ್ಮೆಯಾಯಿತು.

ಮಾಂತ್ಯಾ ಎದ್ದ. ಏಳುತ್ತಲೇ ಎರಡೂ ಕೈಯಿಂದ ಗಾಗಲ್ ಕಿತ್ತ. ಅವನು ಎದ್ದದ್ದನ್ನು ನೋಡಿ ಶಿವ್ಯಾ ಹೊಡೆದ — ಶಿವ್ಯಾ ಒದರಿರಲಿಲ್ಲವಲ್ಲ, ಅವನ ಪಾಲಿಗೆ ಆಟ ನಡೆದೇ ಇತ್ತು. ದನಿ ಕಿವಿಗೆ ಬಿದ್ದು, ಅದು ಏನೆಂದು ತಿಳಿಯುವಷ್ಟರಲ್ಲಿ ಬೆರಳು ಒತ್ತಿಯಾಗಿತ್ತು.

ಮಾಂತ್ಯಾ ಚೀರಲಿಲ್ಲ. ಬಲಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡು “ಏ, ನಿಂತೈತಿ ಅಂದ್ಯಲ್ಲೋ ಶಿವ್ಯಾ” ಅಂದ. ಅಷ್ಟೇ. ಸಿಟ್ಟಿನಿಂದಲ್ಲ, ತಿಳಿಯದೆ ಕೇಳಿದ ಹಾಗೆ.

ಎಲ್ಲರೂ ಓಡಿ ಬಂದರು, ನಾನೂ. ಶಿವ್ಯಾ “ನಾ ಒದರಲಿಲ್ಲ, ನಾ ಒದರಲಿಲ್ಲ” ಅನ್ನುತ್ತಿದ್ದ. ಆಗ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ಬೀಳದೆ ಏನು?

“ಟೇಪ್, ನೀ ಏನಲೇ?”

ಹೌದು ಅನ್ನಲಿಕ್ಕೆ ಬಾಯಿ ತೆರೆದೆ. ಮಾಂತ್ಯಾನ ಬೆರಳಸಂದಿಯಲ್ಲಿ ನೀರೋ ರಕ್ತವೋ ಇಳಿಯುತ್ತಿತ್ತು. ಬಾಯಿಯಿಂದ ಬೇರೆಯೇ ಬಂತು. “ನಾ ಒದರಿದ್ರ ನಗ್ತಿದ್ದಿಲ್ಲೇನ್ರೋ? ನಕ್ಕಿದ್ದು ಕೇಳೀರೇನು? ನಮ್ಮವ್ವನ ಆಣಿ, ನಾ ಅಲ್ಲ.”

ಯಾರೂ ನಗೆ ಕೇಳಿರಲಿಲ್ಲ. ಹೌದಲ್ಲ ಅಂದರು. ನನ್ನನ್ನು ನಂಬಿದರು. ನಾನು ಜೀವಮಾನದಲ್ಲಿ ನಗದೇ ಮುಗಿಸಿದ ಒಂದೇ ಮಿಮಿಕ್ರಿ ಅದು.

ಹುಬ್ಬಳ್ಳಿಯ ದವಾಖಾನೆಯಲ್ಲಿ ಮಾಂತ್ಯಾನ ಅಪ್ಪ ಬಂದು ನಿಂತರು, ಹೆಗಲ ಮೇಲಿನ ಟವೆಲ್ಲು ಕೈಯಲ್ಲಿ ಹಿಂಡುತ್ತ. ಬೈಯಲಿಲ್ಲ. ಶಿವ್ಯಾನ ಮುಂದೆ ನಿಂತು, “ನಿಂತೈತಿ ಅಂತ ನೀನ ಅಂದು, ನೀನ ಹೊಡದೀ ಅಲ್ಲೋ ತಮ್ಮಾ” ಅಂದರು. ಅವರು ಹೋದ ಮೇಲೆ ಶಿವ್ಯಾ ಬೆಂಚಿನ ಮೇಲೆ ನನ್ನ ಪಕ್ಕ ಕೂತ. ನನ್ನ ಕಡೆ ನೋಡದೆ ಅಂದ:

“ನಾನ ಒದರಿರ್ಬೇಕಲೇ. ಕತ್ತಲಾಗಾಕತ್ತಿತ್ತು, ಇನ್ನ ನಿಲ್ಲಸ್ಬೇಕು ಅಂತ ಅನ್ಕೊಂಡಿದ್ದೆ. ಎಲ್ಲಾರೂ ನನ್ನ ದನಿ ಕೇಳ್ಯಾರ. ನೀ ಅವ್ವನ ಆಣಿ ಮಾಡೀದಿ. ಉಳಿದಾಂವ ನಾನ.”

ಲೆಕ್ಕ ಸರಿಯಾಗಿಯೇ ಇತ್ತು. ನನ್ನ ಆಣೆಯನ್ನು ನಂಬಿ, ತನ್ನ ಬಾಯನ್ನು ಅವನು ನಂಬದೆ ಹೋದ. ನಾನು ಅವನ ಬೆನ್ನಿನ ಮೇಲೆ ಕೈ ಇಟ್ಟೆ. ಸಮಾಧಾನ ಮಾಡಿದೆ! ‘ಆಗೂದು ಆತು ಬಿಡಲೇ’ ಅಂದೆ. ಅದನ್ನೂ ನಮ್ಮಪ್ಪನ ದನಿಯಲ್ಲಿ ಅಂದೆನೇನೋ.

ಕಣ್ಣು ಹೋಗಲಿಲ್ಲ. ಆದರೆ ಬಲಗಣ್ಣಿಗೆ ಲೋಕವೆಲ್ಲ ಮಂಜು ಹಿಡಿದ ಗಾಜಿನಾಚೆ ಇದ್ದ ಹಾಗೆ. ಪೊಲೀಸ್ ಭರತಿ ಅಲ್ಲಿಗೆ ಮುಗಿಯಿತು. ಈಗ ಮಾಂತ್ಯಾ ಅಗಡಿಯಲ್ಲಿ ಮೊಬೈಲ್ ಕರೆನ್ಸಿ ಅಂಗಡಿ ಇಟ್ಟಿದ್ದಾನೆ. ನನಗೆ ಚಹಾ ಕೊಡಿಸುತ್ತಾನೆ, ಹೊಸ ಮಿಮಿಕ್ರಿ ಮಾಡಿಸಿ ನಗುತ್ತಾನೆ. ಶಿವ್ಯಾನ ಹೆಸರೆತ್ತಿದರೆ ಮಾತು ಬದಲಿಸುತ್ತಾನೆ. ಗೆಲ್ಲಲಿಕ್ಕೆ ಸುಳ್ಳೇ ಒದರಿ ಹೊಡೆದವನು ಎಂದು ಅವನು ನಂಬಿದ್ದಾನೆ. ಅವನ ಚಹಾ ನಾನು ಕುಡಿಯುತ್ತೇನೆ. ಎಷ್ಟೋ ಸಲ ಕುಡಿದಿದ್ದೇನೆ.

ಶಿವ್ಯಾ ಬಂಡಿಗಳನ್ನೆಲ್ಲ ಬಿಚ್ಚಿಹಾಕಿದ, ಹೊಲಿಗೆ ಹೊಲಿಗೆಯಾಗಿ. ಗಾಗಲ್ಲುಗಳನ್ನು ಕಾಕಾನ ಕೈಯಲ್ಲಿ ಕೊಟ್ಟು ಕಳಿಸಿದ. ಅದು ಹೋಗಲಿ. ಅವನು ಈಗ ಜೋರಾಗಿ ಮಾತಾಡುವುದೇ ಇಲ್ಲ. ಗಿರಣಿಯ ಈ ಕೊನೆಯಿಂದ ಆ ಕೊನೆಗೆ ಕೇಳುತ್ತಿದ್ದ ದನಿ — ನನಗೆ ಅತಿ ಸಲೀಸಾಗಿ ಬರುತ್ತಿದ್ದ ದನಿ — ಈಗ ಹೊಲಿಗೆ ಯಂತ್ರದ ಸದ್ದಿನ ಕೆಳಗೇ ಮುಗಿದುಹೋಗುತ್ತದೆ. ಗೆಳೆಯರು “ಶಿವ್ಯಾನದೊಂದು ಮಾಡಲೇ” ಅಂದರೆ ಗಂಟಲು ಕಟ್ಟಿದೆ ಅನ್ನುತ್ತೇನೆ.

ಹೀಗೇ ನಡೆದುಹೋಗುತ್ತಿತ್ತು. ನಾನು ನಡೆಸಿಬಿಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಆದರೆ ಮೊನ್ನೆ ಶನಿವಾರ —

ಬೈಕಿನ ಸೀಟು ಹರಿದಿತ್ತು, ಹೊಲಿಯಲಿಕ್ಕೆ ಅವನಲ್ಲೇ ಬಿಟ್ಟಿದ್ದೆ. “ಮಂಗಳವಾರ ಬಾ” ಅಂದಿದ್ದ. ಶನಿವಾರ ಅದೇ ದಾರಿಯಲ್ಲಿ ಹೋಗುತ್ತಿದ್ದವನು ಚೇಷ್ಟೆಗೆಂದು ಒಳಗೆ ಹೊಕ್ಕೆ. ಮುಖ ಗಂಟು ಹಾಕಿಕೊಂಡು, “ಏನ್ರೀ ಸಾವಕಾರ್ರ, ಶನಿವಾರ ಕೊಡ್ತೇನಿ ಅಂದ್ರಿ, ಇನ್ನೂ ಕತ್ತರೀನ ಹಚ್ಚಿಲ್ಲಲ್ರೀ?” ಅಂದೆ. ಅವನು ‘ಯಾವಾಗಲೇ ಅಂದೆ, ಮಂಗ್ಯಾ’ ಅಂತ ಬೈಯಲಿ ಎಂದು ಕಾದೆ. ಬೈದರೆ ನಗುವುದೊಂದೇ ಬಾಕಿ.

ಅವನು ಯಂತ್ರ ನಿಲ್ಲಿಸಿದ. ನನ್ನ ಮುಖ ನೋಡಿದ. ಆಮೇಲೆ ತಲೆ ಕೆಳಗೆ ಹಾಕಿ, “ಅಂದಿರ್ತೇನಿ ಬಿಡಪಾ. ನಾ ಏನು ಅಂತೇನೋ, ನನಗ ಗೊತ್ತಾಗೂದಿಲ್ಲ. ಕುಂದ್ರು, ಈಗ ಹೊಲದು ಕೊಡ್ತೇನಿ” ಅಂದ.

ಕೈಯಲ್ಲಿದ್ದ ಬೇರೆಯವರ ಕೆಲಸ ಬದಿಗಿಟ್ಟ. ನನ್ನ ಸೀಟು ಎತ್ತಿಕೊಂಡ.

ನಾನು ಕೂಡಲಿಲ್ಲ. ಕಲ್ಲೇಟು ಬಿದ್ದ ನಾಯಿಯ ಹಾಗೆ ಓಡಿ ಹೊರಗೆ ಬಂದೆ. ನಾನು ಅವನ ದನಿಯನ್ನು ಒಂದು ಸಂಜೆಯ ಮಟ್ಟಿಗೆ ಎರವಲು ತಂದಿದ್ದೆ ಎಂದುಕೊಂಡಿದ್ದೆನಲ್ಲ — ಅಲ್ಲ. ತಿರುಗಿ ಕೊಟ್ಟೇ ಇಲ್ಲ. ಅವನ ಬಾಯಿ ಇನ್ನೂ ನನ್ನ ಹತ್ತಿರವೇ ಇದೆ. ಯಾರು ಬಂದು ‘ನೀ ಹಿಂಗ ಅಂದಿ’ ಅಂದರೂ ಅವನು ಹೌದು ಅನ್ನುತ್ತಾನೆ.

ಶಿವೂ, ಇಲ್ಲಿಂದ ಮುಂದಿನದು ನಿನಗೆ.

ನಾಳೆ ಬೆಳಿಗ್ಗೆ ಅಗಡಿಗೆ ಹೋಗಿ ಮಾಂತ್ಯಾನಿಗೆ ಹೇಳುತ್ತೇನೆ. ಚೀಲ ಒಗೆಯದೇ ಕೊಟ್ಟದ್ದು, ಕಿಂಡಿ, ಎರಡನೇ ಮಾತು, ಆಣೆ — ಎಲ್ಲ, ಯಾರ ದನಿಯನ್ನೂ ಮಾಡದೆ. ಅವನು ಹೊಡೆದರೆ ಹೊಡೆಯಲಿ. ಗಾಗಲ್ ಹಾಕಿಕೊಂಡು ಹೋಗುವುದಿಲ್ಲ. ಅವನ ಅಪ್ಪನ ಮುಂದೆಯೂ ನಿಲ್ಲುತ್ತೇನೆ. ಆಮೇಲೆ ನಿನ್ನ ಅಂಗಡಿಗೆ ಬರುತ್ತೇನೆ. ಮಾಂತ್ಯಾ ಜೊತೆಗೆ ಬಂದರೆ ಬರುತ್ತಾನೆ. ಬಾರದಿದ್ದರೂ ನಾನು ಬರುತ್ತೇನೆ. ನಕ್ಕರೆ ಆಗ ನೀನು ನಗಬೇಕು, ನಾನಲ್ಲ. ನಗದಿದ್ದರೂ ಸರಿ.

ನಾಳೆ ಮಂಗಳವಾರ. ಮಂಗಳವಾರ ಬಾ ಅಂತ ಅಂದವನು ನೀನು, ಶಿವೂ. ಶನಿವಾರ ಅಂತ ನೀ ಅಂದೇ ಇಲ್ಲ. ನನ್ನ ಕಿವೀಲೆ ನಾ ಕೇಳೇನಿ.