ಕನ್ನಡಿಯೊಳಗೆ ಇಲ್ಲದ ಇಂಜಿನ್

ಬಾಳೂರಿನ ಆ ಎಸ್ಟೇಟಿನಲ್ಲಿ ಗೋಡೆ ಅಡ್ಡ ಬರುತ್ತಿದ್ದುದರಿಂದ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಹೊಸ ಪಲ್ಪರ್ ಬೀಜವನ್ನು ಎದುರು ಬದಿಗೆ ಉಗುಳಬೇಕಿತ್ತು. ಯಂತ್ರಗಳ ಡ್ರಾಯಿಂಗ್ ಮಾಡುವ ನಾನು ಕಂಪ್ಯೂಟರಿನಲ್ಲಿದ್ದ ಹಳೇ ಪಲ್ಪರಿನ ಚಿತ್ರವನ್ನೇ ಮಿರರ್ ಮಾಡಿ, ಕನ್ನಡಿಯಲ್ಲಿ ಕಾಣುವ ಹಾಗೆ ಎಡಬಲ ಮಗುಚಿ ಕೊಟ್ಟಿದ್ದೆ. ಒಂದೇ ಕಮಾಂಡಿನ ಕೆಲಸ. ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಮೊದಲ ದಿನ ಓಡಿಸಿದರೆ ಒಂದು ಹಣ್ಣೂ ಒಳಗೆ ಹೋಗಲಿಲ್ಲ. ಎಲ್ಲ ಹಾರಿ ನಮ್ಮ ಮುಖಕ್ಕೇ ಬಡಿದವು.

"ಇವತ್ತು ಕೊಯ್ದಿದ್ದು ಇವತ್ತೇ ಪಲ್ಪ್ ಆಗ್ಬೇಕು. ನಾಳೆಗೆ ಹುಳಿ ಬರ್ತದೆ," ಅಂದರು ಓನರ್, ಹಣ್ಣಿನ ರಾಶಿ ನೋಡುತ್ತ. ದನಿ ಏರಿಸಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಲ್ಯಾಪ್‌ಟಾಪ್ ತೆರೆದು ಒಂದೊಂದೇ ಭಾಗವನ್ನು ಅಳಿಸಿ ಮತ್ತೆ ಮಿರರ್ ಮಾಡಿದೆ. ಎಲ್ಲೂ ತಪ್ಪು ಸಿಗಲಿಲ್ಲ. ಬ್ಯಾಟರಿ ಮುಗಿಯುತ್ತ ಬಂತು.

ಅಲ್ಲಿನ ಯಂತ್ರ ನೋಡಿಕೊಳ್ಳುವ ಐತಪ್ಪ ಮೇಸ್ತ್ರಿ ಇಂಜಿನ್ ನಿಲ್ಲಿಸಿ, ಹಣ್ಣನ್ನು ಒಳಗೆಳೆದು ಸಿಪ್ಪೆ ಬಿಡಿಸುವ ಹಲ್ಲಿನ ಡ್ರಮ್ಮಿನ ಮೇಲೆ ಅಂಗೈ ಸವರಿದರು. ಒಂದು ಕಡೆಗೆ ಕೈ ಜಾರಿತು, ಇನ್ನೊಂದು ಕಡೆಗೆ ತರಚಿತು.

"ಹಲ್ಲು ತಿರುಗಿ ಕೂತಿದೆ ಮಾರಾಯ್ರೆ. ಡ್ರಮ್ಮು ಆಚೆಗೆ ತಿರುಗ್ಬೇಕು. ನಮ್ಮ ಇಂಜಿನ್ ಮೊದಲಿನ ಹಾಗೇ ಈಚೆಗೆ ತಿರುಗ್ತದೆ. ಅದನ್ನೂ ಕಂಪ್ಯೂಟರಲ್ಲಿ ಮಗುಚಿದ್ರಾ?"

ಇಂಜಿನ್ ನನ್ನ ಚಿತ್ರದಲ್ಲಿ ಇರಲೇ ಇಲ್ಲ.

ಮೇಸ್ತ್ರಿ ಇಂಜಿನ್ನಿನಿಂದ ಡ್ರಮ್ಮಿಗೆ ಹಾಕಿದ್ದ ಬೆಲ್ಟ್ ಕಳಚಿ, ನಡುವೆ ಒಂದು ತಿರುವು ಕೊಟ್ಟು, ಕತ್ತರಿಯ ಹಾಗೆ ಅಡ್ಡಡ್ಡ ಏರಿಸಿದರು. ಡ್ರಮ್ ಎದುರು ದಿಕ್ಕಿಗೆ ತಿರುಗಿತು, ಹಣ್ಣು ಒಳಗೆ ಹೋಯಿತು.

ಆಫೀಸಿಗೆ ವಾಪಸ್ ಬಂದು ಡ್ರಾಯಿಂಗಿಗೆ ಕತ್ತರಿ ಬೆಲ್ಟ್ ಸೇರಿಸಿದೆ. ಅದರ ಮೂಲೆಯ 'ತಿದ್ದಿದವರು' ಎಂಬ ಚೌಕದಲ್ಲಿ ಈಗಲೂ ನನ್ನ ಹೆಸರೇ ಇದೆ.