ಸ್ಟೈಮಿ ತಿಮ್ಮಯ್ಯ

ಮೈಸೂರಿನ ಗಾಲ್ಫ್ ಮೈದಾನದಲ್ಲಿ ಮೂವತ್ತು ವರ್ಷ ಸಾಹೇಬರುಗಳ ಕೋಲಿನ ಚೀಲ ಹೊತ್ತು, ಮಳವಳ್ಳಿ ಪಕ್ಕದ ತಮ್ಮ ಹಳ್ಳಿಗೆ ಮರಳಿದ ತಿಮ್ಮಯ್ಯನವರು ಚೀಲ ಹೊತ್ತವನೇ ನಿಜವಾದ ಆಟಗಾರ ಎಂದು ನಂಬಿದ್ದರು. ಟೀ ಅಂಗಡಿಯಲ್ಲಿ ಕೂತರೆ ಪಾಠ ಶುರು. ಈಗಿನವರು ಕೋಲುಗಳನ್ನು ನಂಬರು ಹಿಡಿದು ಕರೆಯುತ್ತಾರೆ, ಜೈಲಿನ ಕೈದಿಗಳ ಹಾಗೆ. ಹಿಂದೆ ಒಂದೊಂದಕ್ಕೂ ಹೆಸರಿತ್ತು. ತಳಕ್ಕೆ ಹಿತ್ತಾಳೆ ತಗಡು ಹೊಡೆದದ್ದು ಬ್ರಾಸಿ. ಮುಖ ಚಮಚದಂತೆ ಗುಳಿಬಿದ್ದದ್ದು ಸ್ಪೂನ್. ನಿಬ್ಲಿಕ್ ಅಂದರೆ ಮೋಟು ಮೂಗಿನದಂತೆ. ಇದನ್ನೆಲ್ಲ ಹೇಳಿಕೊಟ್ಟವರು ಒಬ್ಬ ಮುದಿ ಮೇಜರು. ತಿಮ್ಮಯ್ಯನವರದೇ ಆದ ಹೆಮ್ಮೆಯೂ ಒಂದಿತ್ತು: ಯಾವ ಪೊದೆಗೆ ಬಿದ್ದ ಚೆಂಡನ್ನೂ ಅವರು 'ಸಿಗಲಿಲ್ಲ' ಎಂದವರಲ್ಲ.

ಮೇಜರರ ಅಚ್ಚುಮೆಚ್ಚಿನ ಪದ ಸ್ಟೈಮಿ. ನಮ್ಮ ಚೆಂಡಿಗೂ ಕುಳಿಗೂ ನಡುವೆ ಎದುರಾಳಿಯ ಚೆಂಡು ಅಡ್ಡ ಕೂತರೆ ಅದು ಸ್ಟೈಮಿ. ಹಳೇ ಕಾಯಿದೆಯಲ್ಲಿ 'ತೆಗಿ' ಅನ್ನುವಂತಿರಲಿಲ್ಲ. ಸುತ್ತಿಯೋ ಹಾರಿಸಿಯೋ ಹೊಡೆಯಬೇಕು. ಪದ ಎಲ್ಲಿಂದ ಬಂತೋ ಯಾರಿಗೂ ಖಚಿತವಿಲ್ಲ. ಕಣ್ಣು ಸರಿಯಾಗಿ ಕಾಣದವನನ್ನು ಸ್ಕಾಟ್ಲೆಂಡಿನವರು ಹಾಗೆ ಕರೆಯುತ್ತಿದ್ದರು ಅಂತಾರೆ. ಆಮೇಲೆ ಕಾಯಿದೆ ಬದಲಾಯಿತು: ಚೆಂಡಿದ್ದ ಜಾಗದಲ್ಲಿ ನಾಣ್ಯದ ಗುರುತಿಟ್ಟು ಎತ್ತಬಹುದು. ಆಟದ ಮರ್ಯಾದೆ ಅವತ್ತೇ ಹೋಯಿತು ಎಂಬುದು ಮೇಜರರ ತೀರ್ಪು, ತಿಮ್ಮಯ್ಯನವರದೂ.

ಆ ಮರ್ಯಾದೆ ಉಳಿಸುವ ಅವಕಾಶ ಮನೆ ಬಾಗಿಲಿಗೇ ಬಂತು. ಆಸ್ತಿ ಪಾಲಾದ ಮೇಲೆ ತಮ್ಮ ಬೋರಯ್ಯ, ಅಣ್ಣನ ಮನೆಯಿಂದ ರಸ್ತೆಗೆ ಹೋಗುವ ದಾರಿಯಲ್ಲೇ ಹುಲ್ಲಿನ ಮೆದೆ ಒಟ್ಟಿದ. "ಒಂದ್ಮಾತು ಕೇಳಬಾರ್ದಾ?" ಎಂದವರಿಗೆಲ್ಲ ತಿಮ್ಮಯ್ಯನವರದು ಒಂದೇ ಉತ್ತರ: "ಸ್ಟೈಮಿ ಕಣ್ಲಾ. ಕೇಳಂಗಿಲ್ಲ." ಮೂರು ವರ್ಷ ನಾಲೆ ಏರಿಯ ಮೇಲೆ ಸುತ್ತಿ ಬಳಸಿ ನಡೆದರು. ಹಿಂದೆ ಹಿಂದೆ ಹೆಂಡತಿ ಯಶೋದಮ್ಮ.

ಈ ಮಳೆಗಾಲದಲ್ಲಿ ಯಶೋದಮ್ಮ ಏರಿಯ ಮೇಲೆ ಜಾರಿ ಬಿದ್ದರು. ಮಂಡಿ ಕುಂಬಳಕಾಯಿಯಂತೆ ಊದಿತು. ಮಂಡ್ಯದ ಆಸ್ಪತ್ರೆಗೆಂದು ಕರೆಸಿದ ಆಟೊ ಮೆದೆಯ ಆಚೆಗೇ ನಿಂತಿತು.

"ನಿಮ್ಮಾಟ ನೀವಾಡ್ಕಳಿ," ಎಂದರು ಜಗಲಿಯ ಮೇಲೆ ಕೂತ ಯಶೋದಮ್ಮ. "ನನ್ ಮಂಡಿ ಅದ್ಕೆ ಸೇರಿಲ್ಲ."

ತಿಮ್ಮಯ್ಯನವರು ಮೆದೆಯತ್ತ ನೋಡಿದರು. ಇಷ್ಟು ದಿನ ಬೆಟ್ಟದ ಹಾಗಿದ್ದದ್ದು ಈಗ ಬರೀ ಹುಲ್ಲಾಗಿ ಕಂಡಿತು. ಮೇಲುವಸ್ತ್ರ ಕೊಡವಿಕೊಂಡು ತಮ್ಮನ ಬಾಗಿಲಿಗೆ ಹೋದರು.

"ಲೇ ಬೋರ, ಆ ಮೆದೆ ಒಸಿ ಅತ್ಲಾಗಿ ಆಕ್ಲಾ. ನಿಮ್ಮತ್ಗೆ ನಡೆಯಾಕಾಯ್ತಿಲ್ಲ."

"ಇಷ್ಟ್ ಕೇಳಾಕೆ ಮೂರೊರ್ಸ ಬೇಕಾಯ್ತಾ ಅಣ್ಣ?" ಎಂದ ಬೋರಯ್ಯ, ಆಗಲೇ ಪಂಚೆ ಎತ್ತಿಕಟ್ಟುತ್ತಾ. "ನೀನು ಬಂದ್ ಕೇಳ್ಲಿ ಅಂತ್ಲೇ ಅಲ್ಲಿ ಒಟ್ಟಿದ್ದು."

ಆಟೊ ಹಾಯುವಷ್ಟು ಹುಲ್ಲು ಕೂಡಲೇ ಸರಿಯಿತು; ಉಳಿದದ್ದು ಸಂಜೆಗೆ. ಖಾಲಿಯಾದ ಜಾಗದಲ್ಲಿ ತಿಮ್ಮಯ್ಯನವರು ಬಗ್ಗಿ ಒಂದು ನಾಣ್ಯವನ್ನು ಮಣ್ಣಿಗೆ ಒತ್ತಿದರು.

"ಇದ್ಯಾತುಕ್ಕಣ್ಣ?"

"ಗುರ್ತು. ತಿರ್ಗಾ ಇಲ್ಲೇ ತಂದಿಡೋ ಅಕ್ಕು ನಿಂದು. ಒಸಾ ಕಾಯ್ದೆ."

ಕೊಯ್ಲು ಮುಗಿದ ಮೇಲೆ ಬೋರಯ್ಯ ಹೊಸ ಹುಲ್ಲಿನ ಗಾಡಿಯನ್ನು ದಾರಿಯಲ್ಲಿ ನಿಲ್ಲಿಸಿ, ನಗು ತಡೆದುಕೊಂಡು ಕೇಳಿದ: "ಅಣ್ಣ, ನಿನ್ ಗುರ್ತು ಎಲ್ಲದೆ?"

ಜಗಲಿಯಿಂದ ಯಶೋದಮ್ಮ ನೋಡುತ್ತಿದ್ದರು. ತಿಮ್ಮಯ್ಯನವರು ಬಲಗಾಲನ್ನು ಅವತ್ತು ಬಗ್ಗಿದ್ದ ಜಾಗದ ಮೇಲೇ ಭದ್ರವಾಗಿ ಊರಿಕೊಂಡು, ನೆಲವನ್ನೆಲ್ಲ ಕಣ್ಣಲ್ಲೇ ಜಾಲಾಡಿ, ಜೀವಮಾನದಲ್ಲಿ ಆಡದ ಮಾತನ್ನು ಆಡಿದರು:

"ಸಿಗ್ಲಿಲ್ಲ ಕಣ್ಲಾ."