ಕೇರಿಯಲ್ಲಿ ದೇವಿ ಹಾಕಿದ ದಿನ

ನಿಜಾಮರ ಸರಕಾರದಲ್ಲಿ ನಾನು ದೇವಿ ಹಾಕುವವನಾಗಿದ್ದೆ. ಸಿಡುಬು ಬಾರದಂತೆ ಮಕ್ಕಳ ತೋಳು ಗೀರಿ ಮದ್ದು ಹಚ್ಚುವ ನೌಕರಿ. ನಿಲಂಗಾದಿಂದ ಕಾಸಾರಶಿರಸಿಗೆ ಹೋಗುವ ದಾರಿಯ ಹಳ್ಳಿಗಳೆಲ್ಲ ನನ್ನ ಪಾಲಿಗೆ. ಮದ್ದು ಒಣಗುವವರೆಗೆ ಮಗುವನ್ನು ನಾನೇ ತೊಡೆಯ ಮೇಲೆ ಕೂಡಿಸಿಕೊಳ್ಳುತ್ತಿದ್ದೆ. ಇಲ್ಲದಿದ್ದರೆ ನಾನು ಬೆನ್ನು ತಿರುಗಿಸುವುದೇ ತಡ, ದೇವಿ ಮುನಿದಾಳೆಂದು ತಾಯಂದಿರು ಬೂದಿ ಹಚ್ಚಿ ತೊಳೆದುಬಿಡುತ್ತಿದ್ದರು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಎಷ್ಟು ಜನರನ್ನು ಬೈದಿದ್ದೇನೋ, ಶಿವನೇ ಬಲ್ಲ.

ಒಂದು ವರ್ಷ ಒಂದು ಹಳ್ಳಿಯ ಹೊರಗಿನ ಕೇರಿಯಲ್ಲಿ ಸಿಡುಬು ಕಾಣಿಸಿತು. ಎಲ್ಲರೂ ಮಕ್ಕಳನ್ನು ತಂದರು, ಒಬ್ಬಳನ್ನು ಬಿಟ್ಟು. ಆಕೆ ದೊಡ್ಡ ಮಗನನ್ನು ಅದೇ ಬೇನೆಯಲ್ಲಿ ಕಳೆದುಕೊಂಡು ವಾರವೂ ಆಗಿರಲಿಲ್ಲ. ಉಳಿದದ್ದು ಎರಡು ವರ್ಷದ ಮಗಳೊಬ್ಬಳೇ. ಇವಳಿಗೂ ಬಂದರೆ ಗತಿಯೇನೆಂದು ನಾನು ಅಂಗಳದಲ್ಲಿ ನಿಂತು ಕೂಗಾಡಿದೆ, ಹುಚ್ಚಿ ಅಂದೆ. ಆಕೆ ಮಗಳನ್ನು ಸೆರಗಿನಲ್ಲಿ ಅವಚಿಕೊಂಡು ಒಳಗೆ ಹೋದಳು. ತಂಬಿಗೆಯಲ್ಲಿ ನೀರು ತಂದು ನನ್ನ ಮುಂದಿಟ್ಟಳು.

"ಯಪ್ಪಾ, ನಿಮ್ಮ ಡಬ್ಬಿಯಾಗಿನ ಮದ್ದು ನನ್ನ ಮಗಳ ಮೈಯಾಗ ಹೋಗಬೇಕಂತೀರಿ. ನನ್ನ ಮನಿ ನೀರು ನಿಮ್ಮ ಬಾಯಾಗ ಹೋಗ್ತದೇನ್ರೀ?"

ಕೇರಿಗೆ ಹೋಗಿ ಬಂದ ದಿನ ಹಿತ್ತಲಲ್ಲೇ ನನ್ನ ತಲೆಯ ಮೇಲೆ ನೀರು ಸುರಿದು, ಆಮೇಲೆ ಒಳಗೆ ಬಿಡುವವಳು ನಮ್ಮವ್ವ. ಇಲ್ಲಿ ನೀರು ಕುಡಿದೆನೆಂದು ತಿಳಿದರೆ ನಮ್ಮ ಜಾತಿಯವರು ಊಟದ ಪಂಕ್ತಿಯಿಂದಲೇ ಎಬ್ಬಿಸಿಬಿಡುತ್ತಾರೆ. ಆ ಕೂಸಿನ ಮುಖ ನೋಡಿದೆ. ಆದದ್ದಾಗಲಿ ಎಂದು ತಂಬಿಗೆ ಎತ್ತಿದೆ.

ತುಟಿಗೆ ತಾಗುವ ಮೊದಲೇ ಆಕೆ ಅದನ್ನು ಕಸಿದುಕೊಂಡಳು.

"ಸಾಕ್ರೀ. ನಿಮಗೂ ಮನಿ ಅದ, ತಾಯಿ ಅದಾಳ. ನಮ್ಮ ಸಲುವಾಗಿ ನೀವ್ಯಾಕ ಹೊರಗಾಗ್ತೀರಿ?" ಅಂದು ಮಗಳ ತೋಳನ್ನು ನನ್ನತ್ತ ಚಾಚಿದಳು.

ಬದುಕಿದೆಯಾ ಬಡಜೀವವೇ ಅನಿಸಿತು ನನಗೆ. ಹಾಗೆ ಅನಿಸಿದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ. ಕೂಸು ಮುಂದೆ ಉಳಿಯಿತು, ಆ ಪುಣ್ಯ ತಾಯಿಯದೇ ಹೊರತು ನನ್ನದಲ್ಲ. ಅಂದು ಮಾತ್ರ ಅದು ಅತ್ತು ಅತ್ತು ದಣಿದು, ಮದ್ದಿನ ತೋಳನ್ನು ಚಾಚಿಕೊಂಡೇ ನನ್ನ ಎದೆಗೊರಗಿ ನಿದ್ದೆ ಹೋಯಿತು. ನೆತ್ತಿಯ ಮೇಲೆ ಬಿಸಿಲು. ನನಗೆ ನಿಜವಾಗಿಯೂ ನೀರಡಿಕೆಯಾಗಿತ್ತು, ಆದರೆ ಕೇಳುವ ಮುಖ ನನಗಿರಲಿಲ್ಲ.